ಓದುಗರ ಪ್ರಶ್ನೋತ್ತರ: ಅಮೆರಿಕದ ಅಧ್ಯಕ್ಷರ ಸಹಿ, ಬೆಂಗಳೂರಿನ ಮನೆಖರ್ಚು

ಈ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಅಮೆರಿಕದ ಅಧ್ಯಕ್ಷರು ವಾಷಿಂಗ್ಟನ್‌ನಲ್ಲಿ ಕೈಗೊಳ್ಳುವ ತೀರ್ಮಾನಗಳು ಬೆಂಗಳೂರಿನ ಸಾಧಾರಣ ಕುಟುಂಬಗಳನ್ನು ಯಾವ ದಾರಿಯಿಂದ ಬಂದು ಮುಟ್ಟುತ್ತವೆ ಎಂದು ಹೊಲಿಗೆ ಕಾರ್ಖಾನೆಯ ಕಾರ್ಮಿಕರೂ ನಿವೃತ್ತರೂ ಗೃಹಿಣಿಯರೂ ಕಾಲೇಜು ವಿದ್ಯಾರ್ಥಿಗಳೂ ಕೇಳಿದ್ದಾರೆ. ಬರೆದವರ ಹೆಸರುಗಳನ್ನು ಬಿಟ್ಟು, ಬಡಾವಣೆಗಳನ್ನಷ್ಟೇ ಉಳಿಸಿಕೊಂಡು, ಪತ್ರಗಳ ಸಾರವನ್ನು ಇಲ್ಲಿ ಕೊಟ್ಟಿದ್ದೇನೆ. ಉತ್ತರಗಳು 2025ರ ಡಿಸೆಂಬರ್ ಎರಡನೆಯ ವಾರದ ಹೊತ್ತಿಗೆ ಇದ್ದ ಸ್ಥಿತಿಯನ್ನು ಆಧರಿಸಿವೆ. ಈ ವರ್ಷ ಆದೇಶಗಳು ಎಷ್ಟು ಬೇಗ ಬೇಗ ಬದಲಾದವೆಂಬುದನ್ನು ಕಂಡವರಿಗೆ ಈ ಮಾತನ್ನು ಮೊದಲೇ ಹೇಳಬೇಕಾದ ಅಗತ್ಯ ಅರ್ಥವಾಗುತ್ತದೆ.

ಪ್ರಶ್ನೆ: ಹದಿನಾಲ್ಕು ವರ್ಷಗಳಿಂದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ಸೆಪ್ಟೆಂಬರ್‌ನಿಂದ ನಮ್ಮ ಫ್ಯಾಕ್ಟರಿಯಲ್ಲಿ ಓಟಿ ನಿಂತಿದೆ, ಎರಡು ಲೈನ್ ಮುಚ್ಚಿದ್ದಾರೆ. ಕೇಳಿದರೆ ಅಮೆರಿಕದ ಟ್ಯಾಕ್ಸ್ ಎನ್ನುತ್ತಾರೆ. ಆ ಟ್ಯಾಕ್ಸ್ ಕಟ್ಟುವವರು ಅಮೆರಿಕದವರೇ ಅಲ್ಲವೇ? ನನ್ನ ಸಂಬಳ ಏಕೆ ಕಡಿಮೆಯಾಗಬೇಕು?
(ಓದುಗರು, ಬೊಮ್ಮನಹಳ್ಳಿ)

ಉತ್ತರ: ಕಟ್ಟುವವರು ಅಮೆರಿಕದವರೇ ಎಂಬ ನಿಮ್ಮ ಮಾತು ಅಕ್ಷರಶಃ ಸರಿ. ಸರಕು ಅಲ್ಲಿನ ಬಂದರಿನಲ್ಲಿ ಇಳಿದಾಗ, ಅದನ್ನು ತರಿಸಿಕೊಂಡ ಕಂಪನಿಯು ಆಮದು ಸುಂಕವನ್ನು ಅಲ್ಲಿನ ಸರ್ಕಾರಕ್ಕೆ ಕಟ್ಟಬೇಕು. ನಿಮ್ಮ ಕಾರ್ಖಾನೆಯ ಮಾಲೀಕರಾಗಲಿ ಭಾರತ ಸರ್ಕಾರವಾಗಲಿ ಅದನ್ನು ಕಟ್ಟುವುದಿಲ್ಲ. ಆದರೆ ಸುಂಕ ಕಟ್ಟುವುದು ಬೇರೆ, ಸುಂಕದ ಭಾರ ಹೊರುವುದು ಬೇರೆ. ಆ ಭಾರ ಕೊನೆಗೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ಚೌಕಾಸಿಯಲ್ಲಿ ಯಾರ ಕೈ ಮೇಲಿದೆ ಎಂಬುದರ ಮೇಲೆ ನಿಂತಿದೆ.

ನೀವು ದಿನವೂ ಹೊಲಿಯುವ ಹತ್ತಿಯ ಟೀ ಶರ್ಟನ್ನೇ ತೆಗೆದುಕೊಳ್ಳೋಣ. ಅದರ ಬೆಲೆ ₹400 ಎಂದು ಇಟ್ಟುಕೊಳ್ಳಿ. ಇಂಥ ಉಡುಪಿನ ಮೇಲೆ ಅಮೆರಿಕದಲ್ಲಿ ಮೊದಲಿನಿಂದಲೂ ಶೇ 16.5ರಷ್ಟು ಸುಂಕವಿತ್ತು, ಅಂದರೆ ₹66. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಆದೇಶದಂತೆ 2025ರ ಆಗಸ್ಟ್ 7ರಂದು ಭಾರತದ ಸರಕಿನ ಮೇಲೆ ಶೇ 25ರಷ್ಟು ಹೆಚ್ಚುವರಿ ಸುಂಕ ಜಾರಿಗೆ ಬಂತು. ಭಾರತವು ರಷ್ಯಾದಿಂದ ಕಚ್ಚಾ ತೈಲ ಕೊಳ್ಳುತ್ತಿದೆ ಎಂಬ ಕಾರಣ ಕೊಟ್ಟು ಆಗಸ್ಟ್ 27ರಿಂದ ಇನ್ನೂ ಶೇ 25ನ್ನು ಸೇರಿಸಲಾಯಿತು. ಇದರಿಂದ ಅದೇ ಟೀ ಶರ್ಟಿನ ಮೇಲಿನ ಒಟ್ಟು ಸುಂಕ ₹266 ಆಯಿತು. ಬಾಂಗ್ಲಾದೇಶ ಮತ್ತು ವಿಯೆಟ್ನಾಂ ದೇಶಗಳಿಗೆ ವಿಧಿಸಿದ ಹೆಚ್ಚುವರಿ ಸುಂಕ ಶೇ 20 ಮಾತ್ರ. ಆದ್ದರಿಂದ ಢಾಕಾದಲ್ಲಿ ಹೊಲಿದ ಅದೇ ಬೆಲೆಯ ಟೀ ಶರ್ಟಿಗೆ ₹146 ಸಾಕಾಯಿತು. ನಿಮ್ಮ ಕೈಯ ಹೊಲಿಗೆ ಅಲ್ಲಿಯದಕ್ಕಿಂತ ಎಷ್ಟೇ ಅಚ್ಚುಕಟ್ಟಾಗಿದ್ದರೂ, ಒಂದು ಪೀಸಿಗೆ ₹120ರ ವ್ಯತ್ಯಾಸವನ್ನು ಅಚ್ಚುಕಟ್ಟುತನವೊಂದೇ ತುಂಬಿಕೊಡಲಾರದು.

ಹೀಗಿರುವಾಗ ಅಮೆರಿಕದ ಖರೀದಿದಾರರು ನಿಮ್ಮ ಮಾಲೀಕರಿಗೆ ಹೇಳುವ ಮಾತು ಒಂದೇ: ಬೆಲೆ ಇಳಿಸಿ, ಇಲ್ಲವಾದರೆ ಮುಂದಿನ ಆರ್ಡರ್ ಬೇರೆ ದೇಶಕ್ಕೆ ಹೋಗುತ್ತದೆ. ಮಾಲೀಕರು ಬಟ್ಟೆಯ ಬೆಲೆ ಇಳಿಸಲಾರರು, ಕರೆಂಟ್ ಬಿಲ್ ಇಳಿಸಲಾರರು, ಬ್ಯಾಂಕಿನ ಬಡ್ಡಿಯನ್ನಂತೂ ಇಳಿಸಲಾರರು. ನಾಳೆ ಬೆಳಿಗ್ಗೆಯಿಂದಲೇ ಇಳಿಸಬಹುದಾದ ಖರ್ಚು ಎಂದರೆ ಓಟಿ. ಅದರ ನಂತರದ್ದು ಹೆಲ್ಪರ್‌ಗಳ ಸಂಖ್ಯೆ, ಆಮೇಲೆ ಒಂದೊಂದೇ ಲೈನ್. ವಾಷಿಂಗ್ಟನ್‌ನಲ್ಲಿ ಆಗಸ್ಟ್‌ನಲ್ಲಿ ಬಿದ್ದ ಸಹಿ ಬೊಮ್ಮನಹಳ್ಳಿಯಲ್ಲಿ ಸೆಪ್ಟೆಂಬರ್ ಸಂಬಳದ ಚೀಟಿಗೆ ಬಂದದ್ದು ಈ ದಾರಿಯಿಂದ.

ಕಳೆದ ತಿಂಗಳು ಹೊಸೂರು ರಸ್ತೆಯ ಕಾರ್ಖಾನೆಯೊಂದರ ಗೇಟಿನ ಬಳಿ ಶಿಫ್ಟ್ ಬಿಡುವ ಹೊತ್ತಿನಲ್ಲಿ ನಿಂತಿದ್ದೆ. ಅಲ್ಲಿ ಸೊಪ್ಪು ಮಾರುವ ತಾಯಿಯೊಬ್ಬರು ಗೋಣಿಚೀಲದ ಮೇಲೆ ದಂಟು, ಮೆಂತ್ಯ, ಸಬ್ಬಸಿಗೆಯ ಕಟ್ಟುಗಳನ್ನು ಹರಡಿಕೊಂಡು ಕೂತಿದ್ದರು. ಮೊದಲಾದರೆ ಓಟಿ ಮುಗಿಸಿ ಬರುವವರಿಗಾಗಿ ರಾತ್ರಿ ಎಂಟರವರೆಗೆ ಕಾಯುತ್ತಿದ್ದರಂತೆ. ಈಗ ಆರೂವರೆಗೇ ಉಳಿದ ಕಟ್ಟುಗಳ ಮೇಲೆ ನೀರು ಚಿಮುಕಿಸಿ, ಗೋಣಿ ಸುತ್ತಿ ಹೊರಡುತ್ತಾರೆ. ಆ ಸೊಪ್ಪು ಅಮೆರಿಕಕ್ಕೆ ಹೋಗುವ ಸರಕಲ್ಲ, ಅದರ ಮೇಲೆ ಯಾವ ಸುಂಕವೂ ಇಲ್ಲ. ಆದರೂ ಅವರ ಸಂಜೆಯ ದುಡಿಮೆಯಲ್ಲಿ ಒಂದೂವರೆ ತಾಸು ಹೋಗಿದೆ. ಚೀಟಿಯ ಕಂತು, ಮಗುವಿನ ಟ್ಯೂಷನ್ ಫೀಸು, ಊರಿಗೆ ಕಳಿಸುವ ದುಡ್ಡು ಎಲ್ಲವೂ ಓಟಿಯ ಹಣದಿಂದಲೇ ಹೊರಡುವಂಥವು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ನೀವು ಮಾಡಬೇಕಾದ್ದನ್ನು ಹೇಳುತ್ತೇನೆ, ದಯವಿಟ್ಟು ಗಮನವಿಟ್ಟು ಓದಿ. ಕೆಲಸ ಕಡಿಮೆಯಾಗಿದೆ ಎಂದು ಹೇಳಿ ರಾಜೀನಾಮೆ ಪತ್ರಕ್ಕೆ ಸಹಿ ಕೇಳಿದರೆ ಹಾಕಬೇಡಿ. ಕಾರ್ಖಾನೆಯೇ ನಿಮ್ಮನ್ನು ಕೆಲಸದಿಂದ ತೆಗೆದರೆ, ಸೇವೆ ಸಲ್ಲಿಸಿದ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನದಂತೆ ಪರಿಹಾರ ಕೊಡಬೇಕೆಂದು ಕಾನೂನು ಹೇಳುತ್ತದೆ. ನೀವಾಗಿಯೇ ಬಿಟ್ಟಿರೆಂದು ಬರೆದುಕೊಟ್ಟರೆ ಆ ಹಕ್ಕು ಹೋಗುತ್ತದೆ. ಗ್ರಾಚ್ಯುಟಿ ಇದಕ್ಕಿಂತ ಬೇರೆ, ಹದಿನಾಲ್ಕು ವರ್ಷ ದುಡಿದ ನಿಮಗೆ ಅದು ಎರಡೂ ಸಂದರ್ಭಗಳಲ್ಲಿ ಬರಲೇಬೇಕು. ಕೆಲಸ ಕೊಡಲಾಗದೆ ಕೆಲವು ದಿನ ಮನೆಗೆ ಕಳಿಸಿದರೆ ಅದು ಲೇ-ಆಫ್. ವರ್ಷಕ್ಕಿಂತ ಹೆಚ್ಚು ಸೇವೆ ಇರುವವರಿಗೆ ದೊಡ್ಡ ಕಾರ್ಖಾನೆಗಳು ಆ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧವನ್ನು ಕೊಡಬೇಕು. ಪಿಎಫ್ ಮತ್ತು ಇಎಸ್‌ಐ ಪ್ರತಿ ತಿಂಗಳೂ ಜಮೆಯಾಗುತ್ತಿದೆಯೇ ಎಂದು ಈಗಲೇ ನೋಡಿಕೊಳ್ಳಿ. ತೊಂದರೆಯಾದರೆ ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಇಲಾಖೆಯ ಕಚೇರಿ ಇರುವ ಕಾರ್ಮಿಕ ಭವನಕ್ಕೆ ಒಬ್ಬರೇ ಹೋಗುವ ಬದಲು ನಾಲ್ಕೈದು ಜನ ಒಟ್ಟಾಗಿ, ಸಂಬಳದ ಚೀಟಿಗಳನ್ನು ಹಿಡಿದುಕೊಂಡು ಹೋಗಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ತಂದ ಹೊಸ ನಿರ್ಬಂಧದ ವಿರುದ್ಧ ಇದೇ ಹೊಸೂರು ರಸ್ತೆಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದಿದ್ದರು. ಎರಡು ದಿನಗಳಲ್ಲಿ ಆ ನಿಯಮವನ್ನು ಸರ್ಕಾರ ಹಿಂದಕ್ಕೆ ತೆಗೆದುಕೊಂಡಿತು. ಅಮೆರಿಕದ ಅಧ್ಯಕ್ಷರು ನಮ್ಮ ಮಾತಿಗೆ ಓಗೊಡಬೇಕಾದವರಲ್ಲ, ಆದರೆ ನಮ್ಮ ಸರ್ಕಾರಗಳು ಓಗೊಡಬೇಕಾದವು.

ನಮ್ಮ ಸರ್ಕಾರ ಸುಮ್ಮನೆ ಕುಳಿತಿದೆ ಎಂದು ಹೇಳಲಾರೆ. ಕಚ್ಚಾ ಹತ್ತಿಯ ಮೇಲಿದ್ದ ಶೇ 11ರ ಆಮದು ಸುಂಕವನ್ನು ಆಗಸ್ಟ್‌ನಲ್ಲಿ ತೆಗೆದು, ಡಿಸೆಂಬರ್ 31ರವರೆಗೆ ಆ ವಿನಾಯಿತಿಯನ್ನು ವಿಸ್ತರಿಸಿದೆ. ಇದರಿಂದ ಗಿರಣಿಗಳಿಗೆ ನೂಲಿನ ಖರ್ಚು ಇಳಿಯುತ್ತದೆ. ಆದರೆ ಹೊರದೇಶದ ಹತ್ತಿ ಸುಂಕವಿಲ್ಲದೆ ಬಂದಾಗ ರಾಯಚೂರು, ಹಾವೇರಿ ಕಡೆಯ ಹತ್ತಿ ಬೆಳೆಗಾರರಿಗೆ ಸಿಗುವ ಬೆಲೆಯ ಮೇಲೆ ಒತ್ತಡ ಬೀಳುತ್ತದೆ. ನಿಮ್ಮ ಲೈನಿನಲ್ಲಿ ಕೂತು ಹೊಲಿಯುವ ಎಷ್ಟೋ ಹೆಣ್ಣುಮಕ್ಕಳ ತವರು ಆ ಕಡೆಯದೇ ಎಂಬುದು ನನ್ನನ್ನು ಕಾಡುವ ಸಂಗತಿ.

ಪ್ರಶ್ನೆ: ಸ್ಕೂಟರ್‌ನಲ್ಲಿ ಮನೆಮನೆಗೆ ಕಾಫಿಪುಡಿ ಹಾಕುವವನು ನಾನು. ಪೆಟ್ರೋಲ್ ಬೆಲೆ ಏರುವುದಕ್ಕೂ ಇಳಿಯದೇ ಇರುವುದಕ್ಕೂ ಅಮೆರಿಕವೇ ಕಾರಣ ಎನ್ನುತ್ತಾರೆ. ನಿಜವೇ?
(ಓದುಗರು, ಕೆಂಗೇರಿ ಉಪನಗರ)

ಉತ್ತರ: ಅರ್ಧ ನಿಜ. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದ ಬರಬೇಕು. ಆದ್ದರಿಂದ ಯಾರಿಂದ ಕೊಳ್ಳಬಹುದು, ಯಾರಿಂದ ಕೊಳ್ಳಬಾರದು ಎಂಬುದರಲ್ಲಿ ಅಮೆರಿಕದ ಅಧ್ಯಕ್ಷರ ತೀರ್ಮಾನಕ್ಕೆ ತೂಕವಿದೆ. 2018ರ ಮೇ 8ರಂದು ಟ್ರಂಪ್ ಅವರು ಇರಾನ್ ಜೊತೆಗಿನ ಅಣು ಒಪ್ಪಂದದಿಂದ ಹೊರಬಂದು ದಿಗ್ಬಂಧನಗಳನ್ನು ಮರಳಿ ಹೇರಿದರು. ಭಾರತಕ್ಕೆ ಕೊಟ್ಟಿದ್ದ ವಿನಾಯಿತಿ 2019ರ ಮೇ ಆರಂಭದಲ್ಲಿ ಮುಗಿದಾಗ, ನಮಗೆ ಅನುಕೂಲಕರ ಷರತ್ತುಗಳ ಮೇಲೆ ಸಿಗುತ್ತಿದ್ದ ಇರಾನಿನ ತೈಲ ನಿಂತುಹೋಯಿತು.

ಉಳಿದರ್ಧ ನಮ್ಮ ಮನೆಯದೇ. 2025ರ ಏಪ್ರಿಲ್ ಆರಂಭದಲ್ಲಿ ಅಮೆರಿಕ ಸುಂಕಗಳನ್ನು ಘೋಷಿಸಿದಾಗ, ಜಗತ್ತಿನ ವ್ಯಾಪಾರವೇ ಕುಗ್ಗೀತೆಂಬ ಭಯದಿಂದ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 60 ಡಾಲರ್‌ಗಳ ಆಸುಪಾಸಿಗೆ ಕುಸಿಯಿತು. ಅದೇ ವಾರ ನಮ್ಮ ಕೇಂದ್ರ ಸರ್ಕಾರ ಪೆಟ್ರೋಲ್ ಮತ್ತು ಡೀಸೆಲ್ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ ₹2 ಏರಿಸಿತು. ಬಂಕಿನಲ್ಲಿ ಬೆಲೆ ಏರಲಿಲ್ಲ ಎಂಬುದು ನಿಜ, ಆದರೆ ಇಳಿಯಬಹುದಾಗಿದ್ದದ್ದು ಇಳಿಯಲೂ ಇಲ್ಲ. ಬೆಂಗಳೂರಿನಲ್ಲಿ ಪೆಟ್ರೋಲ್ ಬೆಲೆ ₹100ರ ಗಡಿಯನ್ನು ಮತ್ತೆ ದಾಟಿದ್ದು 2024ರ ಜೂನ್‌ನಲ್ಲಿ, ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಹೆಚ್ಚಿಸಿ ಲೀಟರಿಗೆ ₹3 ಏರಿದಾಗ. ಆ ಮೂರು ರೂಪಾಯಿಗೂ ಅಮೆರಿಕಕ್ಕೂ ಸಂಬಂಧವಿಲ್ಲ. ಗ್ಯಾರಂಟಿ ಯೋಜನೆಗಳಿಗೆ, ರಸ್ತೆಗೆ, ಆಸ್ಪತ್ರೆಗೆ ಹಣ ಬೇಕೆಂಬ ವಾದವನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ; ಆ ಚರ್ಚೆ ನಡೆಯಬೇಕಾದದ್ದು ವಿಧಾನಸೌಧದಲ್ಲಿ. ಎಲ್ಲಕ್ಕೂ ಹೊರಗಿನವರನ್ನೇ ತೋರಿಸುವ ಅಭ್ಯಾಸದಿಂದ ಇಲ್ಲಿ ಉತ್ತರ ಹೇಳಬೇಕಾದವರು ತಪ್ಪಿಸಿಕೊಳ್ಳುತ್ತಾರೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಸೆಪ್ಟೆಂಬರ್‌ನಲ್ಲಿ ಹೆರಿಗೆಯಾಯಿತು. ಅಂಟಿನುಂಡೆ, ಬಾಣಂತಿ ಲೇಹ್ಯ, ಮೆಣಸಿನ ಸಾರಿನ ಪುಡಿ ಎಲ್ಲ ಮಾಡಿಟ್ಟು ಅಂಚೆ ಕಚೇರಿಗೆ ಹೋದರೆ, ಅಮೆರಿಕದ ಪಾರ್ಸೆಲ್ ತೆಗೆದುಕೊಳ್ಳುತ್ತಿಲ್ಲ ಎಂದು ವಾಪಸು ಕಳಿಸಿದರು. ಒಂದು ಡಬ್ಬಿ ಉಂಡೆಯಿಂದ ಯಾರಿಗೆ ಏನು ನಷ್ಟ?
(ಓದುಗರು, ಬಸವನಗುಡಿ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಾಣಂತನದ ನಲವತ್ತು ದಿನಗಳು ಯಾವ ಆದೇಶಕ್ಕೂ ಕಾಯುವುದಿಲ್ಲ. ಆ ಉಂಡೆಗಳು ತಲುಪಬೇಕಾದ ಹೊತ್ತಿಗೆ ತಲುಪಲಿಲ್ಲವೆಂಬ ನೋವಿಗೆ ನನ್ನಲ್ಲಿ ಸಮಾಧಾನವಿಲ್ಲ, ಕಾರಣವನ್ನಷ್ಟೇ ಹೇಳಬಲ್ಲೆ.

800 ಡಾಲರ್‌ಗಿಂತ ಕಡಿಮೆ ಬೆಲೆಯ ಪಾರ್ಸೆಲ್‌ಗಳು ಅಮೆರಿಕಕ್ಕೆ ಸುಂಕವಿಲ್ಲದೆ ಹೋಗಬಹುದೆಂಬ ವಿನಾಯಿತಿ ಅಲ್ಲಿಯವರೆಗೆ ಇತ್ತು. ವಿದೇಶಿ ಆನ್‌ಲೈನ್ ಅಂಗಡಿಗಳು, ಮುಖ್ಯವಾಗಿ ಚೀನಾದವು, ಈ ದಾರಿಯಿಂದ ಅಗ್ಗದ ಸರಕನ್ನು ಹೇರಳವಾಗಿ ಕಳಿಸುತ್ತಿವೆ ಎಂಬ ದೂರು ಅಲ್ಲಿ ಬಹಳ ಕಾಲದಿಂದ ಇತ್ತು. ಅಧ್ಯಕ್ಷರು ಜುಲೈ 30ರ ಆದೇಶದಲ್ಲಿ ಆ ವಿನಾಯಿತಿಯನ್ನು ಎಲ್ಲ ದೇಶಗಳಿಗೂ ಆಗಸ್ಟ್ 29ರಿಂದ ರದ್ದುಪಡಿಸಿದರು. ಸುಂಕವನ್ನು ಯಾರು ವಸೂಲು ಮಾಡಬೇಕು, ಹೇಗೆ ಕಟ್ಟಬೇಕು ಎಂಬುದು ಸ್ಪಷ್ಟವಾಗದೆ ವಿಮಾನ ಕಂಪನಿಗಳು ಅಂಚೆಯ ಸರಕನ್ನು ಹೊರಲು ಹಿಂಜರಿದವು. ಭಾರತೀಯ ಅಂಚೆಯು ಆಗಸ್ಟ್ 25ರಿಂದ ಹೆಚ್ಚಿನ ಪಾರ್ಸೆಲ್‌ಗಳನ್ನು, ತಿಂಗಳ ಕೊನೆಯ ಹೊತ್ತಿಗೆ ಎಲ್ಲ ಬಗೆಯ ಅಂಚೆಯನ್ನೂ ನಿಲ್ಲಿಸಿತು. ಚೀನಾದ ಅಂಗಡಿಗಳನ್ನು ನೆನೆದು ಹಾಕಿದ ಬೀಗ ನಿಮ್ಮ ಅಂಟಿನುಂಡೆಗೂ ಬಿತ್ತು.

ಅಕ್ಟೋಬರ್ 15ರಿಂದ ಸೇವೆ ಮತ್ತೆ ಆರಂಭವಾಗಿದೆ. ಬಂಧುಗಳಿಗೆ ಕಳಿಸುವ 100 ಡಾಲರ್ ಒಳಗಿನ ನಿಜವಾದ ಉಡುಗೊರೆಗೆ ಅಮೆರಿಕದ ಆದೇಶದಲ್ಲಿ ಸುಂಕದ ವಿನಾಯಿತಿ ಉಳಿದಿದೆ. ಆದ್ದರಿಂದ ಇದು ಉಡುಗೊರೆ ಎಂದು ನಮೂದಿಸಿ, ಒಳಗೆ ಏನೇನಿದೆ, ಪ್ರತಿಯೊಂದರ ನಿಜವಾದ ಬೆಲೆ ಎಷ್ಟು ಎಂಬುದನ್ನು ಬರೆದುಕೊಂಡು ಹೋಗಿ. ಬರಿಯ ಖಾದ್ಯ ಪದಾರ್ಥ ಎಂದು ಬರೆದರೆ ಸಾಲದು. ಉಡುಗೊರೆಯಲ್ಲದ, ಮಾರಾಟದ ಸರಕಿಗೆ 2025ರ ಕೊನೆಯಲ್ಲಿ ಘೋಷಿಸಿದ ಬೆಲೆಯ ಅರ್ಧದಷ್ಟು ಸುಂಕವನ್ನು ಇಲ್ಲೇ ಕಟ್ಟಬೇಕಿತ್ತು. ಮನೆಯಲ್ಲೇ ಕುಳಿತು ಸೀರೆಗೆ ಕುಚ್ಚು ಕಟ್ಟಿ, ರವಿಕೆ ಹೊಲಿದು ಅಮೆರಿಕದ ಕನ್ನಡಿಗರಿಗೆ ಅಂಚೆಯಲ್ಲಿ ಕಳಿಸಿ ನಾಲ್ಕು ಕಾಸು ಸಂಪಾದಿಸುತ್ತಿದ್ದ ಗೃಹಿಣಿಯರಿಗೆ ಇದು ದೊಡ್ಡ ಹೊಡೆತ. ಅವರ ವಿಷಯವನ್ನು ಯಾರೂ ಸುದ್ದಿಯಲ್ಲಿ ಎತ್ತುತ್ತಿಲ್ಲ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಮಗ ಆರು ವರ್ಷಗಳಿಂದ ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಟೆಕ್ಸಾಸ್‌ನಲ್ಲಿದ್ದಾನೆ. ಕನಕಪುರ ರಸ್ತೆಯಲ್ಲಿ ಅವನ ಹೆಸರಿನಲ್ಲಿ ಫ್ಲ್ಯಾಟ್ ಕೊಂಡಿದ್ದೇವೆ, ಇಎಂಐ ಅವನೇ ಕಳಿಸುತ್ತಾನೆ. ಒಂದು ಲಕ್ಷ ಡಾಲರ್ ಶುಲ್ಕ, ಹಣ ಕಳಿಸಿದರೆ ತೆರಿಗೆ ಎಂಬ ಸುದ್ದಿಗಳಿಂದ ನನ್ನ ಶ್ರೀಮತಿಗೆ ರಾತ್ರಿ ನಿದ್ರೆ ಇಲ್ಲ. ಫ್ಲ್ಯಾಟ್ ಮಾರಿಬಿಡುವುದು ಒಳ್ಳೆಯದೇ?
(ಓದುಗರು, ವಿದ್ಯಾರಣ್ಯಪುರ)

ಉತ್ತರ: ಈ ಎರಡು ಸುದ್ದಿಗಳಿಗಾಗಿ ಮಾರಬೇಡಿ ಸ್ವಾಮಿ. ಮೊದಲು ಶುಲ್ಕದ ವಿಷಯ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ಹೊರಡಿಸಿದ ಘೋಷಣೆಯು ಸೆಪ್ಟೆಂಬರ್ 21ರಿಂದ ಸಲ್ಲಿಕೆಯಾಗುವ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್, ಅಂದರೆ ಈಗಿನ ಲೆಕ್ಕದಲ್ಲಿ ಸುಮಾರು ₹90 ಲಕ್ಷ ಶುಲ್ಕವನ್ನು ವಿಧಿಸುತ್ತದೆ. ಅದನ್ನು ಕಟ್ಟಬೇಕಾದವರು ಕೆಲಸ ಕೊಡುವ ಕಂಪನಿಯವರು. ಈಗಾಗಲೇ ವೀಸಾ ಇರುವವರಿಗೆ, ಅದರ ನವೀಕರಣಕ್ಕೆ ಈ ಶುಲ್ಕ ಅನ್ವಯಿಸುವುದಿಲ್ಲವೆಂದು ಅಲ್ಲಿನ ಸರ್ಕಾರವೇ ಸ್ಪಷ್ಟಪಡಿಸಿದೆ. ಮೊದಲಿಗೆ ಈ ಸ್ಪಷ್ಟನೆ ಇರಲಿಲ್ಲ. ರಜೆಗೆಂದು ಬಂದಿದ್ದವರು ಎಷ್ಟು ದುಡ್ಡಾದರೂ ಸರಿ ಎಂದು ಟಿಕೆಟ್ ಕೊಂಡು ಮರಳಿ ಓಡಿದ್ದು ಆ ಗೊಂದಲದಲ್ಲಿ. ತಿರುಗಿ ನೋಡಿದರೆ, ಅನೇಕ ಮನೆಗಳಿಗೆ ನಷ್ಟ ತಂದದ್ದು ಆದೇಶಕ್ಕಿಂತ ಅದರ ಅಸ್ಪಷ್ಟತೆ.

ಹಣ ಕಳಿಸುವುದರ ಮೇಲಿನ ತೆರಿಗೆ 2025ರ ಜುಲೈ 4ರಂದು ಅಧ್ಯಕ್ಷರು ಸಹಿ ಮಾಡಿದ ದೊಡ್ಡ ತೆರಿಗೆ ಕಾಯಿದೆಯಲ್ಲಿದೆ. ಮಸೂದೆಯ ಮೊದಲ ರೂಪದಲ್ಲಿ ಶೇ 5 ಇತ್ತು, ನಂತರ ಶೇ 3.5 ಆಯಿತು, ಕೊನೆಗೆ ಶೇ 1ಕ್ಕೆ ಇಳಿಯಿತು. 2026ರ ಜನವರಿ 1ರಿಂದ ಜಾರಿಗೆ ಬರುವ ಈ ತೆರಿಗೆ ನಗದು, ಮನಿ ಆರ್ಡರ್ ಮುಂತಾದವುಗಳ ಮೂಲಕ ಕಳಿಸುವ ಹಣಕ್ಕೆ ಮಾತ್ರ. ಅಮೆರಿಕದ ಬ್ಯಾಂಕ್ ಖಾತೆಯಿಂದ ನೇರವಾಗಿ ಕಳಿಸಿದರೆ ಇಲ್ಲ. ನಿಮ್ಮ ಮಗ ಬ್ಯಾಂಕಿನಿಂದಲೇ ಕಳಿಸುತ್ತಿರಬೇಕು, ಹಾಗಾದರೆ ಅವನಿಗೆ ಈ ತೆರಿಗೆ ಇಲ್ಲ.

ಇನ್ನು ರೂಪಾಯಿ. ಡಿಸೆಂಬರ್ 3ರಂದು ಡಾಲರ್ ಬೆಲೆ ₹90 ದಾಟಿತು. ವರ್ಷದ ಮಧ್ಯದಲ್ಲಿ ₹85ರ ಆಸುಪಾಸಿನಲ್ಲಿದ್ದಾಗ ಸಾವಿರ ಡಾಲರ್‌ಗೆ ನಿಮಗೆ ಸಿಗುತ್ತಿದ್ದದ್ದು ₹85,000, ಈಗ ₹90,000. ಇದೇ ಕುಸಿತ ನಿಮ್ಮ ಪಕ್ಕದ ಮನೆಯಲ್ಲಿ ಅಳು ತರಿಸಿರಬಹುದು. ಅಲ್ಲಿ ಮಗಳನ್ನು ಎಂಎಸ್ ಓದಲು ಕಳಿಸಿದ್ದರೆ, ವರ್ಷಕ್ಕೆ 40,000 ಡಾಲರ್ ಖರ್ಚಿಗೆ ಎರಡು ಲಕ್ಷ ರೂಪಾಯಿ ಹೆಚ್ಚಾಗಿದೆ. ಇಎಂಐ ವಿಷಯದಲ್ಲಿ ನಿಮಗೆ ಸಹಾಯವಾದದ್ದು ರಿಸರ್ವ್ ಬ್ಯಾಂಕಿನಿಂದ. ಅದು 2025ರಲ್ಲಿ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 6.5ರಿಂದ ಶೇ 5.25ಕ್ಕೆ ಇಳಿಸಿದೆ. ಐವತ್ತು ಲಕ್ಷದ, ಇಪ್ಪತ್ತು ವರ್ಷದ ಸಾಲದ ಬಡ್ಡಿ ಶೇ 9ರಿಂದ 7.75ಕ್ಕೆ ಇಳಿದರೆ ತಿಂಗಳ ಕಂತು ಸುಮಾರು ₹3,900 ತಗ್ಗುತ್ತದೆ. ನಿಮ್ಮ ಬ್ಯಾಂಕು ಆ ಇಳಿಕೆಯನ್ನು ಪೂರ್ತಿಯಾಗಿ ಕೊಟ್ಟಿದೆಯೇ ಎಂದು ವಿಚಾರಿಸಿ. ಈ ಕೆಲಸ ನಿಮಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ನಿಜವಾಗಿ ಎಚ್ಚರ ವಹಿಸಬೇಕಾದ ವಿಷಯ ಪತ್ರದ ಕೊನೆಯಲ್ಲಿ ನೀವು ಹೇಳಿರುವ, ಸಂಕ್ರಾಂತಿಗೆ ಮಗ ಬಂದು ವೀಸಾ ಸ್ಟ್ಯಾಂಪಿಂಗ್ (ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಮುದ್ರೆ) ಮಾಡಿಸಿಕೊಂಡು ಹೋಗುವ ಯೋಚನೆ. ಡಿಸೆಂಬರ್ 15ರಿಂದ ಎಚ್-1ಬಿ ಅರ್ಜಿದಾರರ ಸಾಮಾಜಿಕ ಜಾಲತಾಣಗಳನ್ನು ಪರಿಶೀಲಿಸುವ ನಿಯಮ ಬರುತ್ತಿರುವುದರಿಂದ, ಸಂದರ್ಶನದ ದಿನಾಂಕಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತಿವೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ವೀಸಾ ಸಂದರ್ಶನಕ್ಕೆ ಈಗಲೂ ಚೆನ್ನೈ, ಹೈದರಾಬಾದ್‌ಗಳಿಗೇ ಹೋಗಬೇಕು. ದಿನಾಂಕ ಖಚಿತವಾಗದೆ ಅವನು ಹೊರಟುಬಂದರೆ ಇಲ್ಲೇ ಸಿಕ್ಕಿಕೊಂಡು ಕೆಲಸಕ್ಕೇ ಸಂಚಕಾರ ಬರಬಹುದು. ಎಳ್ಳುಬೆಲ್ಲವನ್ನು ಈ ವರ್ಷ ಫೋನಿನಲ್ಲಿ ನೋಡಿಯೇ ತೃಪ್ತಿಪಡಬೇಕಾದೀತು ಎಂದು ಹೇಳಲು ನನಗೂ ಕಷ್ಟವಾಗುತ್ತದೆ. ಆರು ತಿಂಗಳ ಇಎಂಐಗೆ ಸಾಲುವಷ್ಟು ಹಣ ಇಲ್ಲಿಯ ಠೇವಣಿಯಲ್ಲಿ ಇದ್ದರೆ ಮನೆಯವರು ನಿದ್ರೆ ಮಾಡಬಹುದು.

ಪ್ರಶ್ನೆ: ನನಗೆ ಎಪ್ಪತ್ತು ದಾಟಿದೆ. ಶಾಲೆಯಲ್ಲಿ ಕೊಡುತ್ತಿದ್ದ ಅಮೆರಿಕದ ಹಾಲಿನ ಪುಡಿ, ಕೇರ್ ಎಂಬ ನೆರವು ಸಂಸ್ಥೆಯ ಉಪ್ಪಿಟ್ಟು, ರೇಷನ್ ಅಂಗಡಿಯ ಕೆಂಪು ಗೋಧಿ ಎಲ್ಲವೂ ನೆನಪಿವೆ. ಆಗಲೂ ಅಲ್ಲಿನ ಅಧ್ಯಕ್ಷರ ತೀರ್ಮಾನಕ್ಕೂ ನಮ್ಮ ಊಟಕ್ಕೂ ಸಂಬಂಧವಿತ್ತೇ?
(ಓದುಗರು, ಚಾಮರಾಜಪೇಟೆ)

ಉತ್ತರ: ಇಂದಿಗಿಂತ ಹೆಚ್ಚು ನೇರವಾದ ಸಂಬಂಧವಿತ್ತು. 1954ರ ಜುಲೈನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಮಾಡಿದ ಪಿಎಲ್-480 ಎಂಬ ಕಾಯಿದೆಯಡಿ, ಅಮೆರಿಕ ತನ್ನಲ್ಲಿ ಮಿಕ್ಕುತ್ತಿದ್ದ ಧಾನ್ಯವನ್ನು ಬೇರೆ ದೇಶಗಳಿಗೆ ಸುಲಭದ ಷರತ್ತುಗಳ ಮೇಲೆ ಮಾರುತ್ತಿತ್ತು. ಭಾರತ 1956ರಿಂದ ಅದನ್ನು ರೂಪಾಯಿಯಲ್ಲೇ ಹಣ ಕೊಟ್ಟು ಕೊಳ್ಳತೊಡಗಿತು. ನೀವು ತಿಂದ ಉಪ್ಪಿಟ್ಟು, ಕುಡಿದ ಹಾಲು ಅದೇ ಕಾಯಿದೆಯ ಕೊಡುಗೆಯ ಭಾಗ.

ಕಷ್ಟ ಶುರುವಾದದ್ದು 1965ರಲ್ಲಿ. ಮಳೆ ಕೈಕೊಟ್ಟಿತು, ಮರುವರ್ಷವೂ ಕೈಕೊಟ್ಟಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ದೀರ್ಘಾವಧಿಯ ಒಪ್ಪಂದಕ್ಕೆ ಒಪ್ಪದೆ, ಒಂದೆರಡು ತಿಂಗಳಿಗೆ ಸಾಲುವಷ್ಟು ಗೋಧಿಗೆ ಮಾತ್ರ ಆಗಾಗ ಅನುಮತಿ ಕೊಡತೊಡಗಿದರು. ಭಾರತ ತನ್ನ ಕೃಷಿನೀತಿಯನ್ನು ಬದಲಾಯಿಸಬೇಕೆಂಬುದು ಅವರ ಒಂದು ಒತ್ತಾಯ. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಟೀಕೆಯ ಮಾತುಗಳು ಅವರಿಗೆ ಹಿಡಿಸಿರಲಿಲ್ಲ ಎಂಬುದು ಇನ್ನೊಂದು. 1966ರಲ್ಲಿ ಒಂದು ಕೋಟಿ ಟನ್ನಿಗೂ ಹೆಚ್ಚು ಧಾನ್ಯ ಹೊರಗಿನಿಂದ ಬರಬೇಕಾಯಿತು. ಒಂದು ಹಡಗು ತಡವಾದರೆ ರೇಷನ್ ಅಂಗಡಿಯ ಮುಂದೆ ಕ್ಯೂ ಉದ್ದವಾಗುತ್ತಿದ್ದ ಕಾಲ ಅದು. ಅದಕ್ಕೆ ಸ್ವಲ್ಪ ಮುಂಚೆ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಕೇಳಿಕೊಂಡಿದ್ದರು. ಸೋಮವಾರ ರಾತ್ರಿ ಒಲೆ ಹಚ್ಚದ ಮನೆಗಳು ನಿಮ್ಮ ಬೀದಿಯಲ್ಲಿಯೂ ಇದ್ದಿರಬೇಕು. 1966ರ ಜೂನ್ 6ರಂದು ರೂಪಾಯಿಯ ಬೆಲೆಯನ್ನು ಡಾಲರ್‌ಗೆ ₹4.76ರಿಂದ ₹7.50ಕ್ಕೆ ಇಳಿಸಬೇಕಾಗಿ ಬಂದದ್ದೂ ನೆರವು ಕೊಡುವ ದೇಶಗಳ ಒತ್ತಡದಿಂದಲೇ.

ಆ ಅವಮಾನ ವ್ಯರ್ಥವಾಗಲಿಲ್ಲ. ಆಹಾರ ಸಚಿವ ಸಿ. ಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ 1966ರಲ್ಲೇ ಮೆಕ್ಸಿಕೊದಿಂದ 18,000 ಟನ್ ಗೋಧಿ ಬಿತ್ತನೆ ಬೀಜ ಬಂತು. ಕೆಲವೇ ವರ್ಷಗಳಲ್ಲಿ ಹಸಿರು ಕ್ರಾಂತಿ ಕಣ್ಣಿಗೆ ಕಾಣುವಂತಾಯಿತು. ಇಂದು ಸುಂಕದ ಮಾತು ಬಂದಾಗ ನಮ್ಮ ಪಡಿತರದ ಅಕ್ಕಿಗೆ ಯಾರೂ ಹೆದರುತ್ತಿಲ್ಲವಾದರೆ ಅದಕ್ಕೆ ಕಾರಣ ನಿಮ್ಮ ಬಾಲ್ಯದ ಆ ಎರಡು ಬರಗಾಲಗಳು ಕಲಿಸಿದ ಪಾಠ. ಬಟ್ಟೆ, ರತ್ನ, ಸೀಗಡಿಗಳಿಗೆ ಒಂದೇ ದೇಶದ ಮಾರುಕಟ್ಟೆಯನ್ನು ಇಷ್ಟೊಂದು ನೆಚ್ಚಿಕೊಂಡಿರುವಾಗ ಆ ಪಾಠವನ್ನು ಅರ್ಧದಷ್ಟೇ ಕಲಿತೆವು ಎಂದು ನನಗನ್ನಿಸುತ್ತದೆ.

ಪ್ರಶ್ನೆ: ಮಗಳ ಮದುವೆಗೆ ಚಿನ್ನ ಕೊಳ್ಳಬೇಕು. ಟ್ರಂಪ್ ಇಳಿದರೆ ಚಿನ್ನ ಇಳಿಯುತ್ತದೆಯೇ?
(ಓದುಗರು, ನಾಗರಭಾವಿ)

ಉತ್ತರ: ಹಾಗೆ ಎಣಿಸಿ ಕಾಯಬೇಡಿ. ಹತ್ತು ಗ್ರಾಂ ಅಪರಂಜಿ ಚಿನ್ನ 2025ರ ಏಪ್ರಿಲ್‌ನಲ್ಲಿ ಲಕ್ಷ ರೂಪಾಯಿ ಮುಟ್ಟಿದ್ದಕ್ಕೆ ಸುಂಕದ ಆತಂಕ ಒಂದು ಕಾರಣವಾದರೂ, ಅನೇಕ ದೇಶಗಳ ಕೇಂದ್ರ ಬ್ಯಾಂಕುಗಳು ಚಿನ್ನ ಕೂಡಿಡುತ್ತಿರುವುದು ಮತ್ತು ರೂಪಾಯಿ ಇಳಿದಿರುವುದು ಉಳಿದ ಕಾರಣಗಳು. ಡಾಲರನ್ನು ಚಿನ್ನಕ್ಕೆ ಕಟ್ಟಿದ್ದ ಹಗ್ಗವನ್ನು ಅಧ್ಯಕ್ಷ ನಿಕ್ಸನ್ 1971ರ ಆಗಸ್ಟ್ 15ರಂದು ಬಿಚ್ಚಿದ ಮೇಲೆ ಚಿನ್ನದ ಬೆಲೆ ಯಾವ ಒಬ್ಬ ಅಧ್ಯಕ್ಷರ ಕೈಯಲ್ಲಿಯೂ ಉಳಿದಿಲ್ಲ. ಸಾಲ ಮಾಡದೆ ಕೊಳ್ಳಬಹುದಾದಷ್ಟನ್ನು ತಿಂಗಳಿಗಿಷ್ಟು ಎಂದು ಕೊಳ್ಳಿ. ಹಳೆಯ ಒಡವೆಯನ್ನು ಮುರಿಸಿ ಮಾಡಿಸುವುದಾದರೆ ಹಾಲ್‌ಮಾರ್ಕ್ ನೋಡಿಕೊಳ್ಳಿ.

ಪ್ರಶ್ನೆ: ಅಮೆರಿಕದ ಅಧ್ಯಕ್ಷರಂತೆ ನಮ್ಮ ರಾಷ್ಟ್ರಪತಿಗಳೂ ನೀತಿ ನಿರ್ಧಾರಗಳನ್ನು ಮಾಡಬಹುದೇ? ಹಾಗೆ ಒಬ್ಬರೇ ಮಾಡಿದ ತೀರ್ಮಾನವನ್ನು ಯಾರಾದರೂ ಪ್ರಶ್ನಿಸಬಹುದೇ?
(ಪಿಯುಸಿ ವಿದ್ಯಾರ್ಥಿನಿ, ಕೆ.ಆರ್. ಪುರ)

ಉತ್ತರ: ನಮ್ಮ ಸಂವಿಧಾನದ 74ನೇ ವಿಧಿಯಂತೆ ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದು, ಎರಡನೆಯ ಸಲ ಅದೇ ಬಂದರೆ ಒಪ್ಪಬೇಕು. ಆದರೂ ಅವರ ಸಹಿ ನಮ್ಮ ಮನೆಗಳನ್ನು ಮುಟ್ಟಿದ ಉದಾಹರಣೆಗಳಿವೆ. 1969ರ ಜುಲೈ 19ರಂದು ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿಯವರು ಇಂದಿರಾ ಗಾಂಧಿಯವರ ಸರ್ಕಾರದ ಸಲಹೆಯಂತೆ ಸುಗ್ರೀವಾಜ್ಞೆಗೆ ಸಹಿ ಹಾಕಿದಾಗ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಅವುಗಳಲ್ಲಿ ಎರಡು. ಅದನ್ನೂ ಪ್ರಶ್ನಿಸಲಾಯಿತು. ಸುಗ್ರೀವಾಜ್ಞೆಯ ಬದಲಿಗೆ ಬಂದಿದ್ದ ಕಾಯಿದೆಯನ್ನು ಸುಪ್ರೀಂ ಕೋರ್ಟ್ 1970ರ ಫೆಬ್ರುವರಿ 10ರಂದು ರದ್ದುಮಾಡಿತು, ಸರ್ಕಾರ ಅದೇ ವಾರ ಹೊಸ ಸುಗ್ರೀವಾಜ್ಞೆ ತಂದಿತು.

ಅಮೆರಿಕದಲ್ಲಿಯೂ ಪ್ರಶ್ನಿಸಬಹುದು, ಈಗ ಪ್ರಶ್ನಿಸಿದ್ದಾರೆ. ತುರ್ತು ಸಂದರ್ಭಗಳಿಗೆಂದು 1977ರಲ್ಲಿ ಮಾಡಿದ ಕಾಯಿದೆಯೊಂದನ್ನು ಬಳಸಿ ಅಧ್ಯಕ್ಷರು ಈ ಸುಂಕಗಳನ್ನು ಹಾಕಿದ್ದಾರೆ. ಸುಂಕ ಹಾಕುವ ಅಧಿಕಾರ ಸಂಸತ್ತಿನದೇ ಹೊರತು ಅಧ್ಯಕ್ಷರದಲ್ಲ ಎಂದು ಕೋರ್ಟಿಗೆ ಹೋದವರಲ್ಲಿ ನ್ಯೂಯಾರ್ಕಿನ ದ್ರಾಕ್ಷಾರಸದ ಆಮದುದಾರರೊಬ್ಬರು ಮತ್ತು ಮಕ್ಕಳ ಕಲಿಕೆಯ ಆಟಿಕೆಗಳನ್ನು ಮಾಡಿಸಿ ಮಾರುವ ಕಂಪನಿಯೊಂದು ಸೇರಿವೆ. ಕೆಳಗಿನ ನ್ಯಾಯಾಲಯಗಳು ಅಧ್ಯಕ್ಷರ ವಿರುದ್ಧ ತೀರ್ಪು ಕೊಟ್ಟಿವೆ. ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ 2025ರ ನವೆಂಬರ್ 5ರಂದು ವಾದ ನಡೆದಿದೆ. ತೀರ್ಪು ಬಂದ ಮೇಲೆ ಬೊಮ್ಮನಹಳ್ಳಿಯ ಓದುಗರ ಪ್ರಶ್ನೆಯನ್ನು ಇದೇ ಅಂಕಣದಲ್ಲಿ ಮತ್ತೆ ಎತ್ತಿಕೊಳ್ಳುತ್ತೇನೆ.